‘ಖಾಲಿ ಇದೆ ಸಾರ್’: ಪಿಸ್ತೂಲು ಕಲಿಯಲು ಹೋದಾಗ ಸಿಕ್ಕ ಚರಿತ್ರೆ

ಮೊದಲ ದಿನ ನಮಗೆ ಒಂದು ಗುಂಡು ಹಾರಿಸಲೂ ಬಿಡಲಿಲ್ಲ.

ಬೆಂಗಳೂರಿನ ಒಂದು ಶೂಟಿಂಗ್ ರೇಂಜ್. ನಾವು ಮೂವರು ಹೊಸಬರು. ನಾನು ಲೇಖನ ಬರೆಯುವ ನೆಪ ಇಟ್ಟುಕೊಂಡು ಹೋದವನು. ಉಳಿದಿಬ್ಬರು ಕಾಲೇಜು ಹುಡುಗಿಯರು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ನೋಡಿ ಆಸೆಪಟ್ಟು ಬಂದವರು. ಮೇಜಿನ ಮೇಲೆ ಒಂದು ಏರ್ ಪಿಸ್ತೂಲು, ಅದರ ಬಾಯಿ ಗುರಿಹಲಗೆಯ ಕಡೆಗೆ. ತರಬೇತುದಾರರು ನನ್ನನ್ನು ನೋಡಿ ‘ಇದರಲ್ಲಿ ಗುಂಡು ಇದೆಯಾ?’ ಎಂದರು. ಹತ್ತು ನಿಮಿಷದ ಹಿಂದಷ್ಟೇ ಅವರೇ ಅದನ್ನು ತೆರೆದು ತೋರಿಸಿದ್ದರು.

‘ಖಾಲಿ ಇದೆ ಸಾರ್.’

‘ಯಾರು ಹೇಳಿದ್ದು?’

‘ನೀವೇ ತೋರಿಸಿದ್ರಲ್ಲ.’

‘ಆಮೇಲೆ ನಾನು ಟೀ ಕುಡಿಯೋಕೆ ಹೋದೆ. ನೀನೂ ಹೊರಗಡೆ ಹೋಗಿ ಫೋನಲ್ಲಿ ಮಾತಾಡಿ ಬಂದೆ. ಈಗ ಖಾಲಿ ಅಂತ ಯಾರು ಹೇಳಿದ್ದು?’

ಮೂವರೂ ಸುಮ್ಮನಾದೆವು. ಆ ದಿನ ಪೂರ್ತಿ ನಡೆದದ್ದು ಇಷ್ಟೇ: ಪಿಸ್ತೂಲು ಎತ್ತುವುದು, ಬಾಯಿಯನ್ನು ಗುರಿಯ ಕಡೆಗೇ ಇಟ್ಟುಕೊಳ್ಳುವುದು, ತೋರುಬೆರಳನ್ನು ಟ್ರಿಗರ್‌ನಿಂದ ದೂರ, ಚೌಕಟ್ಟಿನ ಉದ್ದಕ್ಕೆ ನೇರವಾಗಿ ಚಾಚಿಡುವುದು, ತೆರೆಯುವುದು, ಕಣ್ಣಿಟ್ಟು ನೋಡುವುದು, ನಳಿಕೆಯೊಳಗೆ ಕಿತ್ತಳೆ ಬಣ್ಣದ ಸುರಕ್ಷತಾ ದಾರ ತೂರಿಸುವುದು, ಕೆಳಗಿಡುವುದು. ಮತ್ತೆ ಎತ್ತುವುದು. ಒಬ್ಬೊಬ್ಬರು ನಲವತ್ತು ಸಲವಾದರೂ ಮಾಡಿರಬೇಕು. ಪಕ್ಕದವರ ಕೈಗೆ ಕೊಡುವಾಗ ಅವರೂ ನೋಡಬೇಕು. ನಾನು ನೋಡಿದ್ದೇನೆ ಎಂಬುದು ಅವರಿಗೆ ಲೆಕ್ಕಕ್ಕಿಲ್ಲ.

ಮನೆಗೆ ಬರುವಾಗ ನನಗೆ ಕಾಡಿದ್ದು ಮಾತ್ರ ಬೇರೆಯೇ ಪ್ರಶ್ನೆ. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಇನ್ನೊಂದು ಕೈ ಜೇಬಿನಲ್ಲಿ ಇಲ್ಲವೇ ಬೆಲ್ಟಿನಲ್ಲಿ. ಎರಡು ಕೈ ಇರುವ ಮನುಷ್ಯ ಒಂದನ್ನು ಯಾಕೆ ಸುಮ್ಮನೆ ಬಿಡಬೇಕು? ಕೇಳಿದರೆ ‘ಅದು ರೂಲು’ ಅಂದರು. ಸಿನಿಮಾದಲ್ಲಿ ಪೊಲೀಸರು ಎರಡು ಕೈಯಲ್ಲಿ ಹಿಡಿಯುತ್ತಾರೆ, ಇಲ್ಲಿ ಹಿಡಿದರೆ ತಪ್ಪು. ಈ ರೂಲಿನ ಬೆನ್ನು ಹತ್ತಿದರೆ ಐನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ದಾರಿಯಲ್ಲಿ ‘ಖಾಲಿ ಇದೆ’ ಎಂಬ ಮಾತಿನ ಕತೆಯೂ ಸಿಗುತ್ತದೆ.

ಮೊದಲು ಪದಗಳನ್ನು ನೋಡಿ. ಬಂದೂಕು ಅರಬ್ಬಿ ಮೂಲದ್ದು, ತುಪಾಕಿ ತುರ್ಕಿಯದ್ದು, ಪಿಸ್ತೂಲು ಯುರೋಪಿನದ್ದು. ಕೋವಿ ಮಾತ್ರ ನಮ್ಮದು. ಕೋವಿ ಅಂದರೆ ಕೊಳವೆ. ಮದ್ದು ಬರುವ ಮೊದಲೇ ಆ ಪದ ಇತ್ತು, ಮದ್ದು ಬಂದ ಮೇಲೆ ಅದರೊಳಗೆ ತುಂಬಿಕೊಂಡಿತು. ಈ ನಾಲ್ಕರಲ್ಲಿ ಪಿಸ್ತೂಲು ಮಾತ್ರ ಹಳ್ಳಿಯವರ ಬಾಯಿಗೆ ಬಂದರೂ ಕೈಗೆ ಬರಲಿಲ್ಲ.

ಹಳೆಯ ಬಂದೂಕಿಗೆ ಉರಿಯುವ ಬತ್ತಿ ಬೇಕಿತ್ತು. ಬತ್ತಿ ಹೊತ್ತಿಸಿಕೊಂಡವನು ದೂರದಿಂದಲೇ ಕಾಣುತ್ತಿದ್ದ, ವಾಸನೆಯೂ ಬರುತ್ತಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಲು ಆಗುತ್ತಿರಲಿಲ್ಲ. 16ನೇ ಶತಮಾನದ ಆರಂಭದಲ್ಲಿ ಯುರೋಪಿನ ಕುಶಲಕರ್ಮಿಗಳು ಇದಕ್ಕೊಂದು ದಾರಿ ಕಂಡುಕೊಂಡರು. ಗಡಿಯಾರದ ಹಾಗೆ ಕೀಲಿ ಕೊಟ್ಟ ಉಕ್ಕಿನ ಚಕ್ರ, ಅದಕ್ಕೆ ಒತ್ತಿದ ಪೈರೈಟ್ ಕಲ್ಲು. ಟ್ರಿಗರ್ ಒತ್ತಿದರೆ ಚಕ್ರ ಗರ್ರನೆ ತಿರುಗಿ ಕಿಡಿ ಹಾರುತ್ತದೆ. ಸಿಗರೇಟ್ ಲೈಟರ್ ಹಚ್ಚಿದಂತೆಯೇ. ಇದರಿಂದ ಎರಡು ಸಂಗತಿಗಳು ಒಟ್ಟಿಗೇ ಹುಟ್ಟಿದವು. ಒಂದು, ಕುದುರೆಯ ಮೇಲಿನವನು ಒಂದು ಕೈಯಲ್ಲಿ ಲಗಾಮು ಹಿಡಿದು ಇನ್ನೊಂದರಲ್ಲಿ ಗುಂಡು ಹಾರಿಸಬಹುದಾಯಿತು. ಪಿಸ್ತೂಲು ಒಂದು ಕೈಯ ಆಯುಧವಾದದ್ದು ಹೀಗೆ, ಇನ್ನೊಂದು ಕೈಗೆ ಬೇರೆ ಕೆಲಸ ಇತ್ತು. ಎರಡು, ಮದ್ದು ತುಂಬಿ ಸಿದ್ಧವಾಗಿಟ್ಟ ಆಯುಧವೊಂದು ಬಟ್ಟೆಯೊಳಗೆ ಗಂಟೆಗಟ್ಟಲೆ ಸುಮ್ಮನೆ ಕೂತಿರುವುದು ಸಾಧ್ಯವಾಯಿತು. ನೋಡಿದರೆ ತುಂಬಿದೆಯೋ ಖಾಲಿಯೋ ಗೊತ್ತಾಗುವುದಿಲ್ಲ. 1517ರ ಸುಮಾರಿಗೆ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ತನ್ನ ನಾಡಿನಲ್ಲಿ ಇಂಥವನ್ನು ನಿಷೇಧಿಸಿದ. ನಿಷೇಧಗಳಿಗೆ ಆಗುವ ಗತಿಯೇ ಅದಕ್ಕೂ ಆಯಿತು.

ಕುದುರೆಯಿಂದ ಇಳಿದ ಮೇಲೂ ಒಂದು ಕೈಯ ಅಭ್ಯಾಸ ಉಳಿದದ್ದು ದ್ವಂದ್ವಯುದ್ಧದಿಂದ. ಎದುರಾಳಿಗೆ ಎದೆ ಕೊಟ್ಟು ನಿಲ್ಲುವ ಬದಲು ಪಕ್ಕಕ್ಕೆ ತಿರುಗಿ ನಿಂತರೆ ಮೈ ಅರ್ಧಕ್ಕರ್ಧ ಕಿರಿದಾಗುತ್ತದೆ. ಹಾಗೆ ನಿಂತಾಗ ಒಂದೇ ಕೈ ಚಾಚಲು ಸಾಧ್ಯ. ಇಂದು ರೇಂಜಿನಲ್ಲಿ ನಮ್ಮನ್ನು ನಿಲ್ಲಿಸುವ ಭಂಗಿಯನ್ನು ನೋಡಿ: ಪಾದ ಅಡ್ಡ, ಭುಜ ಗುರಿಯ ಕಡೆ, ತಲೆ ಹೊರಳಿಸಿದ್ದು. ಎದುರಿಗಿರುವುದು ಕಾಗದ, ಭಂಗಿ ಮಾತ್ರ ಎದುರಿಗೆ ಮನುಷ್ಯನಿದ್ದ ಕಾಲದ್ದು.

ಪಿಸ್ತೂಲು ಕಲಿಯದವರು ಪಿಸ್ತೂಲು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ದಾಖಲೆ ಇದೆ. ನನಗೆ ಇಡೀ ಓದಿನಲ್ಲಿ ಅತಿ ಹೆಚ್ಚು ಇಷ್ಟವಾದ ಭಾಗವೂ ಅದೇ.

1780ರ ಆಗಸ್ಟ್ 17, ಕಲ್ಕತ್ತೆಯ ಅಲಿಪುರ, ಬೆಳಗಿನ ಜಾವ. ಒಂದು ಕಡೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್, ಇನ್ನೊಂದು ಕಡೆ ಅವನದೇ ಆಡಳಿತ ಮಂಡಳಿಯ ಸದಸ್ಯ ಫಿಲಿಪ್ ಫ್ರಾನ್ಸಿಸ್. ಇಬ್ಬರಿಗೂ ವರ್ಷಗಳ ಹಗೆ. ಹೇಸ್ಟಿಂಗ್ಸ್ ಒಂದು ಅಧಿಕೃತ ಟಿಪ್ಪಣಿಯಲ್ಲಿ ಫ್ರಾನ್ಸಿಸನ ಮಾತಿಗೆ ಸತ್ಯವೂ ಇಲ್ಲ ಮಾನವೂ ಇಲ್ಲ ಎಂಬರ್ಥದಲ್ಲಿ ಬರೆದ. ಫ್ರಾನ್ಸಿಸ್ ಪಿಸ್ತೂಲಿಗೆ ಕರೆದ. ಹೇಸ್ಟಿಂಗ್ಸ್ ಪರ ಸಾಕ್ಷಿಯಾಗಿ ಬಂದಿದ್ದ ಫಿರಂಗಿ ದಳದ ಕರ್ನಲ್ ಪಿಯರ್ಸ್ ನಡೆದದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಅದನ್ನು ಓದಿದರೆ ನಗಬೇಕೋ ಹೆದರಬೇಕೋ ತಿಳಿಯುವುದಿಲ್ಲ. ಇಬ್ಬರಿಗೂ ಇಂಥ ಸಂದರ್ಭದ ರೀತಿನೀತಿ ಗೊತ್ತಿರಲಿಲ್ಲವಂತೆ, ಪಿಯರ್ಸನೇ ಹೇಳಿಕೊಡಬೇಕಾಯಿತು. ಫ್ರಾನ್ಸಿಸ್ ತಾನು ಜೀವಮಾನದಲ್ಲಿ ಪಿಸ್ತೂಲು ಹಾರಿಸಿದವನಲ್ಲ ಎಂದ. ಹೇಸ್ಟಿಂಗ್ಸ್ ಒಂದೆರಡು ಸಲ ಹಾರಿಸಿದ ನೆನಪು ಎಂದ. ಬಂಗಾಳವನ್ನು ಆಳುತ್ತಿದ್ದ ಇಬ್ಬರು, ನಮ್ಮ ಹಾಗೆಯೇ ಮೊದಲ ದಿನದವರು!

ಫ್ರಾನ್ಸಿಸನ ಸಾಕ್ಷಿ ಕರ್ನಲ್ ವಾಟ್ಸನ್ 14 ಹೆಜ್ಜೆ ದೂರ ಸೂಚಿಸಿದ. ಪಿಸ್ತೂಲಿಗೆ ಇದು ಬಹಳ ದೂರವಾಯಿತಲ್ಲ ಎಂದು ಹೇಸ್ಟಿಂಗ್ಸ್ ಅಂದನಂತೆ. ಆದರೂ ದೂರ ಬದಲಾಗಲಿಲ್ಲ. ಹೆಜ್ಜೆಗೆ ಎರಡೂವರೆ ಅಡಿಯಂತೆ ಲೆಕ್ಕ ಹಾಕಿ ನೋಡಿ: 35 ಅಡಿ, ಹತ್ತೂವರೆ ಮೀಟರ್. ಇಂದಿನ ಏರ್ ಪಿಸ್ತೂಲು ಸ್ಪರ್ಧೆಯ ದೂರ 10 ಮೀಟರ್. ನಾನು ರೇಂಜಿನಲ್ಲಿ ಆ ಗೆರೆಯ ಮೇಲೆ ನಿಂತಾಗಲೆಲ್ಲ ಇದು ನೆನಪಾಗುತ್ತದೆ.

ನಿಂತರು, ಎತ್ತಿದರು. ಫ್ರಾನ್ಸಿಸ್ ಟ್ರಿಗರ್ ಒತ್ತಿದ. ಗುಂಡು ಹಾರಲಿಲ್ಲ. ಆಗಸ್ಟ್ ತಿಂಗಳ ಬಂಗಾಳ, ಮಳೆಗಾಲ, ಮದ್ದು ತೇವ ಹಿಡಿದಿತ್ತು. ಹೇಸ್ಟಿಂಗ್ಸ್ ತನ್ನ ಪಿಸ್ತೂಲು ಕೆಳಗಿಳಿಸಿ ಕಾದ. ಅವರ ಬಳಿ ಬೇರೆ ಮದ್ದೂ ಇರಲಿಲ್ಲ, ಪಿಯರ್ಸನೇ ತನ್ನ ತೋಟೆಯಿಂದ ಕೊಟ್ಟ. ಮತ್ತೆ ನಿಂತರು. ಈ ಸಲ ಫ್ರಾನ್ಸಿಸ್ ಮೊದಲು ಹಾರಿಸಿದ, ತಪ್ಪಿತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತಿನ ನಂತರ ಹೇಸ್ಟಿಂಗ್ಸ್ ಹಾರಿಸಿದ. ಗುಂಡು ಫ್ರಾನ್ಸಿಸನ ಬಲ ಪಕ್ಕೆಗೆ ಹೊಕ್ಕಿತು. ಸಾಯಲಿಲ್ಲ. ಗುಣವಾಗಿ ಅದೇ ವರ್ಷದ ಕೊನೆಗೆ ಇಂಗ್ಲೆಂಡಿಗೆ ಹಡಗು ಹತ್ತಿದ. 1788ರಲ್ಲಿ ಶುರುವಾಗಿ 1795ರವರೆಗೆ ನಡೆದ ಹೇಸ್ಟಿಂಗ್ಸ್ ವಿಚಾರಣೆಯ ಹಿಂದೆ ಅವನ ಛಲ ದೊಡ್ಡದಿತ್ತು. ಆ ಬೆಳಿಗ್ಗೆ ಮದ್ದು ಒಣಗಿದ್ದು, ಗುರಿ ಕೂತಿದ್ದರೆ? ಇತಿಹಾಸದ ಮೇಷ್ಟ್ರುಗಳು ಇಂಥ ಪ್ರಶ್ನೆ ಕೇಳಬಾರದು ಅನ್ನುತ್ತಾರೆ. ಕೇಳದೆ ಇರಲು ನನಗಂತೂ ಆಗಲಿಲ್ಲ.

ಆ ಕಾಲದಲ್ಲೇ ನಮ್ಮ ಶ್ರೀರಂಗಪಟ್ಟಣದಲ್ಲೂ ಟಿಪ್ಪುವಿನ ಕಾರ್ಖಾನೆಗಳು ಹುಲಿಪಟ್ಟೆ ಅಲಂಕಾರದ ಚಕಮಕಿ ಬಂದೂಕು, ಪಿಸ್ತೂಲುಗಳನ್ನು ಮಾಡುತ್ತಿದ್ದವು. 1799ರ ನಂತರ ಅವು ಲೂಟಿಯಾಗಿ ಬ್ರಿಟನ್ನಿನ ಸಂಗ್ರಹಾಲಯಗಳನ್ನು ಸೇರಿದವು. ಮಾಡುವ ಕೈಗಳು ಇಲ್ಲಿದ್ದವು ಎಂಬುದಕ್ಕಷ್ಟೇ ಈ ಮಾತು.

ಚಕಮಕಿ ಪಿಸ್ತೂಲಿನಲ್ಲಿ ಸುರಕ್ಷತೆಗೆ ಇದ್ದದ್ದು ಒಂದು ಅರ್ಧ ಹಲ್ಲು. ಸುತ್ತಿಗೆಯನ್ನು ಪೂರ್ತಿ ಎಳೆಯದೆ ಅರ್ಧಕ್ಕೆ ನಿಲ್ಲಿಸಿದರೆ ಟ್ರಿಗರ್ ಕೆಲಸ ಮಾಡಬಾರದು. ಹಲ್ಲು ಸವೆದರೆ ಮಾಡುತ್ತದೆ. ಆಮೇಲೆ ಬಂದ ರಿವಾಲ್ವರ್, ತಾನೇ ತುಂಬಿಕೊಳ್ಳುವ ಪಿಸ್ತೂಲುಗಳಿಗೆ ಒಂದಾದ ಮೇಲೊಂದು ಬೀಗ ಸೇರಿಸುತ್ತ ಹೋದರು. ಜಾನ್ ಬ್ರೌನಿಂಗ್ ವಿನ್ಯಾಸದ, 1911ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಪಿಸ್ತೂಲಿಗೆ ಹೆಬ್ಬೆರಳಿನ ಬೀಗ ಬಂದದ್ದು ಅಶ್ವದಳದವರ ಒತ್ತಾಯದಿಂದ. ಬೆದರಿದ ಕುದುರೆಯ ಮೇಲೆ ಕೂತವನು ಗುಂಡು ತುಂಬಿದ ಪಿಸ್ತೂಲನ್ನು ಒಂದೇ ಕೈಯಲ್ಲಿ ಸುರಕ್ಷಿತ ಮಾಡುವುದು ಹೇಗೆ? ಮತ್ತೆ ಅದೇ ಕುದುರೆ, ಅದೇ ಲಗಾಮು.

ಈ ತಾನೇ ತುಂಬಿಕೊಳ್ಳುವ ಪಿಸ್ತೂಲು ಹೊಸಬರಿಗೆ ಒಂದು ಬಲೆ ಇಟ್ಟಿತು. ಹಿಡಿಯ ಒಳಗಿನ ಮ್ಯಾಗಜಿನ್ ಹೊರತೆಗೆದರೆ ಗುಂಡೆಲ್ಲ ಹೊರಬಂತು ಅನ್ನಿಸುತ್ತದೆ. ಬಂದಿರುವುದಿಲ್ಲ. ನಳಿಕೆಯ ಬುಡದ ಕೋಣೆಯಲ್ಲಿ ಒಂದು ಉಳಿದಿರುತ್ತದೆ. ಇನ್ನು ಕೆಲವರು ಮೊದಲು ಸ್ಲೈಡ್ ಎಳೆದು ಕೋಣೆಯ ಗುಂಡು ಹಾರಿಸಿಕೊಂಡು, ಆಮೇಲೆ ಮ್ಯಾಗಜಿನ್ ತೆಗೆಯುತ್ತಾರೆ. ಎಳೆದು ಬಿಟ್ಟ ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡನ್ನು ಕೋಣೆಗೆ ತಳ್ಳಿರುತ್ತದೆ. ಅದಕ್ಕೇ ಎಲ್ಲ ಕಡೆ ಹೇಳಿಕೊಡುವ ಕ್ರಮ ಒಂದೇ: ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ, ಆಮೇಲೆ ಕಣ್ಣಿನಿಂದ ನೋಡಿ, ಕತ್ತಲಾದರೆ ಕಿರುಬೆರಳು ಹಾಕಿ ಮುಟ್ಟಿ. ಕ್ರಮ ತಿರುವುಮುರುವಾದರೆ ಖಾಲಿ ಮಾಡುವ ಕೆಲಸವೇ ತುಂಬುವ ಕೆಲಸವಾಗುತ್ತದೆ.

ಬೀಗಗಳನ್ನು ನಂಬದ ಒಬ್ಬ ಮನುಷ್ಯ ಶಾಂಘೈ ಮುನಿಸಿಪಲ್ ಪೊಲೀಸ್ ದಳದಲ್ಲಿದ್ದ, ವಿಲಿಯಂ ಫೇರ್‌ಬೇರ್ನ್. ಎರಡು ಮಹಾಯುದ್ಧಗಳ ನಡುವಿನ ಶಾಂಘೈ ಪೊಲೀಸರಿಗೆ ಬಹಳ ಅಪಾಯದ ಊರು. ಅಲ್ಲಿ ನೂರಾರು ಸಿಖ್ ಪೊಲೀಸರೂ ಕೆಲಸ ಮಾಡುತ್ತಿದ್ದರು. ಫೇರ್‌ಬೇರ್ನ್ ಪಿಸ್ತೂಲಿನ ಸುರಕ್ಷತಾ ಬೀಗವನ್ನೇ ಕೆಲಸ ಮಾಡದಂತೆ ಪಿನ್ ಹೊಡೆಸಿಬಿಟ್ಟ. ಬದಲಿಗೆ ಕೋಣೆಯನ್ನು ಖಾಲಿ ಇಟ್ಟು ಪಿಸ್ತೂಲು ಸಿಕ್ಕಿಸಿಕೊಳ್ಳಬೇಕು, ಬೇಕಾದಾಗ ಹೊರಗೆಳೆದು ಸ್ಲೈಡ್ ಹಿಂದೆಳೆದು ಹಾರಿಸಬೇಕು ಎಂದು ಕಲಿಸಿದ. ಗಾಬರಿಯಲ್ಲಿ ಬೀಗ ಹಾಕಿದ್ದೇನೋ ತೆಗೆದಿದ್ದೇನೋ ಎಂದು ಮನುಷ್ಯ ಮರೆಯುತ್ತಾನೆ, ಕೋಣೆ ಖಾಲಿ ಇದ್ದರೆ ಮರೆವಿಗೆ ಜಾಗವಿಲ್ಲ. ಅವನೂ ಸೈಕ್ಸ್ ಎಂಬ ಸಹೋದ್ಯೋಗಿಯೂ ಸೇರಿ 1942ರಲ್ಲಿ ಇದನ್ನು ಪುಸ್ತಕ ಮಾಡಿದರು. ಇಂದಿನ ತರಬೇತುದಾರರಲ್ಲಿ ಇದನ್ನು ಒಪ್ಪದವರು ಬಹಳ ಜನ. ನನಗೆ ಅವನ ವಿಧಾನಕ್ಕಿಂತ ಅವನ ಅನುಮಾನ ಮುಖ್ಯ ಅನ್ನಿಸಿತು.

ಎರಡು ಕೈ ಬಂದದ್ದು ಇನ್ನೂ ತಡವಾಗಿ. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಸ್ಪರ್ಧೆಗಳಲ್ಲಿ ಜ್ಯಾಕ್ ವೀವರ್ ಎಂಬ ಪೊಲೀಸ್ ಅಧಿಕಾರಿ, ಎಲ್ಲರೂ ಸೊಂಟದಿಂದ ಸರಕ್ಕನೆ ತೆಗೆದು ಒಂದು ಕೈಯಲ್ಲಿ ಹಾರಿಸುತ್ತಿದ್ದಾಗ, ತಾನು ಎರಡು ಕೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ತಂದು ಹಾರಿಸಿ ಗೆಲ್ಲತೊಡಗಿದ. ಅದನ್ನು ನೋಡಿದ ಜೆಫ್ ಕೂಪರ್ ಅದನ್ನೇ ಪಾಠವಾಗಿ ಮಾಡಿದ. 1976ರಲ್ಲಿ ಅರಿಜೋನಾದಲ್ಲಿ ಶಾಲೆಯನ್ನೇ ತೆರೆದ. ಜಗತ್ತಿನ ಬಹುತೇಕ ರೇಂಜುಗಳ ಗೋಡೆಯ ಮೇಲಿರುವ ನಾಲ್ಕು ನಿಯಮಗಳನ್ನು ಇಂದಿನ ರೂಪದಲ್ಲಿ ಹರಡಿದವನೂ ಅವನೇ. ಎಲ್ಲ ಬಂದೂಕೂ ಯಾವಾಗಲೂ ತುಂಬಿದೆ. ನಾಶವಾದರೂ ಪರವಾಗಿಲ್ಲ ಅನ್ನಿಸದ ಯಾವುದರ ಕಡೆಗೂ ಬಾಯಿ ತಿರುಗಬಾರದು. ಗುರಿ ಕೂರುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು.

ಮೊದಲನೆಯದನ್ನು ಗಮನಿಸಿ. ‘ತುಂಬಿದೆ ಎಂದು ಭಾವಿಸಿಕೊಳ್ಳಿ’ ಎಂದಲ್ಲ, ‘ತುಂಬಿದೆ’ ಎಂದೇ. ಭಾವಿಸಿಕೊಳ್ಳುವವನು ಮನಸ್ಸಿನೊಳಗೆ ಖಾಲಿ ಎಂದೇ ನಂಬಿರುತ್ತಾನೆ. ಪಿಸ್ತೂಲು ಹುಟ್ಟಿ ನಾಲ್ಕೂವರೆ ಶತಮಾನ ಆದ ಮೇಲೆ ಈ ನಿಯಮಗಳು ಹೊಸಬರ ಮೊದಲ ಪಾಠವಾದದ್ದು.

ಕ್ರೀಡೆ ಮಾತ್ರ ಕುದುರೆ ಸವಾರನ ಒಂದು ಕೈಯನ್ನು ಬಿಡಲಿಲ್ಲ. 1896ರ ಅಥೆನ್ಸ್‌ನಿಂದಲೇ ಒಲಿಂಪಿಕ್ಸ್‌ನಲ್ಲಿ ಪಿಸ್ತೂಲು ಇದೆ. 1906ರ ಅಥೆನ್ಸ್ ಕೂಟದಲ್ಲಿ ಕೋಟು ತೊಡಿಸಿದ ಬೊಂಬೆಗಳಿಗೆ ಗುರಿಯಿಡುವ ದ್ವಂದ್ವಯುದ್ಧ ಪಿಸ್ತೂಲಿನ ಸ್ಪರ್ಧೆಗಳೂ ಇದ್ದವು! 10 ಮೀಟರ್ ಏರ್ ಪಿಸ್ತೂಲು ಸೇರಿದ್ದು 1988ರ ಸೋಲ್‌ನಲ್ಲಿ. ಒಂದೇ ಕೈಯ ಆಟವಾದ್ದರಿಂದ ಹಂಗೇರಿಯ ಕಾರೊಲಿ ಟಾಕಾಕ್ಸ್‌ನಂಥವನ ಕತೆಯೂ ಸಾಧ್ಯವಾಯಿತು. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹೋಯಿತು. ಎಡಗೈಯಲ್ಲಿ ಅ ಆ ಇ ಈಯಿಂದ ಕಲಿತು 1948 ಮತ್ತು 1952ರಲ್ಲಿ ರ್‍ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದ. ನಮ್ಮವರೇ ಆದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಬೆಲ್ಸ್ ಪಾಲ್ಸಿ ಬಂದು ಮುಖದ ಒಂದು ಭಾಗ ಸ್ವಾಧೀನ ತಪ್ಪಿತು. ಕಣ್ಣೇ ಬಂಡವಾಳವಾದ ಆಟ. ಅವರು ಮತ್ತೆ ಅಭ್ಯಾಸಕ್ಕೆ ಇಳಿದು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದರು.

ಗುಂಡು ಹಾರಿಸುವುದನ್ನು ನಮಗೆ ಎರಡನೇ ವಾರ ಕಲಿಸಿದರು. ನಡುವಿನ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಹುಣಸೆ ಬೀಜದಷ್ಟು. ಕೈ ಅಲುಗುತ್ತದೆ, ಎಲ್ಲರದೂ ಅಲುಗುತ್ತದೆ. ಅಲುಗುವುದನ್ನು ನಿಲ್ಲಿಸಲು ಹೋಗಬೇಡಿ ಎಂಬುದು ಮೊದಲ ಉಪದೇಶ. ಕಣ್ಣಿಗೆ ಹಿಂದಿನ ಕಂಡಿ, ಮುಂದಿನ ಮೊನೆ, ಗುರಿ ಈ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಹೊಸಬರೆಲ್ಲ ಗುರಿಯನ್ನು ನೋಡುತ್ತಾರೆ. ನೋಡಬೇಕಾದ್ದು ಮುಂದಿನ ಮೊನೆಯನ್ನು, ಗುರಿ ಮಬ್ಬಾಗಿರಲಿ. ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಭಾರ ಇರಬೇಕೆಂಬುದು ಸ್ಪರ್ಧೆಯ ನಿಯಮ. ಆ ಅರ್ಧ ಕೆಜಿಯನ್ನು ಸೊಪ್ಪು ತೂಗುವಾಗ ತಕ್ಕಡಿಗೆ ಹಾಕುವ ಹಾಗೆ ಸ್ವಲ್ಪ ಸ್ವಲ್ಪವೇ ಬೆರಳಿಗೆ ಸೇರಿಸುತ್ತ ಹೋಗಬೇಕು. ಈಗ ಹತ್ತು ಸಿಗುತ್ತದೆ ಎಂದು ಕಂಡ ಕ್ಷಣ ಚಕ್ಕನೆ ಎಳೆದರೆ ಗುಂಡು ಕೆಳಗೆ ಎಡಕ್ಕೆ ಹೋಗುತ್ತದೆ. ನನ್ನವು ಹೋದವು. ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ಏನನ್ನೂ ತಿನ್ನಬಾರದು, ಪೆಲೆಟ್ ಸೀಸದ್ದು.

ಆರೈಕೆಯ ಪಾಠ ಮೂರನೇ ವಾರ. ಫ್ರಾನ್ಸಿಸನ ತೇವದ ಮದ್ದು 241 ವರ್ಷಗಳ ನಂತರ ಬೇರೆ ರೂಪದಲ್ಲಿ ಬಂತು ಅನ್ನಬಹುದು. 2021ರ ಟೋಕಿಯೊದಲ್ಲಿ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಪಿಸ್ತೂಲಿನ ಕಾಕಿಂಗ್ ಲಿವರ್ ಮುರಿಯಿತು. ರಿಪೇರಿಗೆ ಹೋಗಿ ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು. 575 ಅಂಕದೊಂದಿಗೆ 12ನೇ ಸ್ಥಾನ, ಫೈನಲ್ ಎರಡೇ ಅಂಕದಲ್ಲಿ ತಪ್ಪಿತು. ಎಷ್ಟು ಜೋಪಾನ ಮಾಡಿದರೂ ಲೋಹ ಕೈಕೊಡುವುದುಂಟು. ಮಾಡದಿದ್ದರಂತೂ ಹೇಳುವುದೇ ಬೇಡ. ಏರ್ ಪಿಸ್ತೂಲಿನ ಆರೈಕೆ ಸುಲಭ. ನಳಿಕೆಗೆ ಆಗಾಗ ಒಣ ಉಂಡೆ ತೂರಿಸುವುದು, ರಬ್ಬರ್ ಸೀಲು ನೋಡಿಕೊಳ್ಳುವುದು, ಗಾಳಿಯ ಸಿಲಿಂಡರಿನ ಮೇಲಿನ ತಾರೀಕು ದಾಟದಂತೆ ನೋಡುವುದು. ಹತ್ತು ವರ್ಷ ಕಳೆದ ಸಿಲಿಂಡರನ್ನು ಸ್ಪರ್ಧೆಯಲ್ಲಿ ಬಿಡುವುದಿಲ್ಲ. ಮದ್ದಿನ ಆಯುಧಗಳ ಕಷ್ಟ ಬೇರೆ. ಕರಿಮದ್ದು ಉರಿದ ಮೇಲೆ ಉಳಿಯುವ ಉಪ್ಪಿನಂಥ ಕಿಟ್ಟ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಎಣ್ಣೆ ಹಚ್ಚಿದರೆ ಉಪಯೋಗವಿಲ್ಲ, ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಮೊದಲು ಕುದಿಯುವ ನೀರು, ಆಮೇಲೆ ಒಣಗಿಸುವುದು, ಆಮೇಲೆ ಎಣ್ಣೆ.

ಇದನ್ನು ಕೇಳಿದಾಗ ನನಗೆ ಒಮ್ಮೆಲೇ ಅಜ್ಜನ ನೆನಪಾಯಿತು. ಮಲೆನಾಡಿನ ನಮ್ಮ ಮನೆಯ ಹಿಂದಿನ ಬಚ್ಚಲ ಒಲೆಯಿಂದ ಅಜ್ಜ ಬಿಸಿನೀರು ಮೊಗೆದು ಕೋವಿಯ ನಳಿಕೆಗೆ ಹೊಯ್ಯುತ್ತಿದ್ದರು. ಯಾವ ಕ್ಲಾಸಿನಲ್ಲೂ ಕಲಿತವರಲ್ಲ. ಪಿಸ್ತೂಲು ನಮ್ಮೂರಿಗೆ ಬರಲಿಲ್ಲ, ಬಂದದ್ದು ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಕೆಯ ಕೋವಿ, ಬೆಳೆ ರಕ್ಷಣೆಯ ಪರವಾನಗಿಯಲ್ಲಿ. ಕೇಪು ಇಟ್ಟು ಹೊಡೆಯುವಂಥದ್ದು. ಅದನ್ನು ತೆರೆದು ನೋಡಲು ಆಗುವುದಿಲ್ಲ, ಬುಡ ಮುಚ್ಚಿದ ಕೊಳವೆ. ಅಜ್ಜನ ಉಪಾಯ ಗಜದ ಕೋಲು. ಕೋಲನ್ನು ನಳಿಕೆಯೊಳಗೆ ಇಳಿಸಿ ಬಾಯಿಯ ಮಟ್ಟಕ್ಕೆ ಉಗುರಿಟ್ಟು, ಹೊರಗೆಳೆದು ನಳಿಕೆಯ ಪಕ್ಕ ಹಿಡಿದು ನೋಡುವುದು. ಬುಡ ಮುಟ್ಟಿದ್ದರೆ ಖಾಲಿ, ನಾಲ್ಕು ಬೆರಳು ಮೊದಲೇ ನಿಂತಿದ್ದರೆ ಒಳಗೆ ಮದ್ದಿದೆ. ಗೋಡೆಯಿಂದ ಇಳಿಸಿದಾಗಲೆಲ್ಲ ಮಾಡುತ್ತಿದ್ದರು. ನಮಗೆ ಅದು ಮುದುಕರ ಚಾಳಿ ಅನ್ನಿಸುತ್ತಿತ್ತು.

ನಾನು ಪತ್ರಿಕೋದ್ಯಮ ಓದಿ ಮೊದಲು ಬರೆದ ವರದಿಗಳಲ್ಲಿ ಒಂದು ಕೋವಿಯದು. ಪಕ್ಕದ ಊರಿನಲ್ಲಿ ಹಂದಿ ಕಾಯಲು ಹೋದವರ ಕೈಯಿಂದ ಒಬ್ಬ ಯುವಕನ ಮಂಡಿಗೆ ಚರೆ ಬಿದ್ದಿತ್ತು. ‘ಕೋವಿ ಸ್ವಚ್ಛಗೊಳಿಸುತ್ತಿದ್ದಾಗ ಆಕಸ್ಮಿಕವಾಗಿ ಗುಂಡು ಸಿಡಿದು’ ಎಂದು ಬರೆದೆ. ಎಲ್ಲರೂ ಹಾಗೇ ಬರೆಯುತ್ತೇವೆ. ಈ ವಾಕ್ಯದಲ್ಲಿ ಕರ್ತೃ ಗುಂಡು. ಸಿಡಿದದ್ದು ಅದು, ತಾನಾಗಿ. ಬೆರಳು ಎಲ್ಲಿ ಹೋಯಿತು? ಬಾಯಿ ಮಂಡಿಯ ಕಡೆ ಯಾಕೆ ತಿರುಗಿತ್ತು? ಸ್ವಚ್ಛ ಮಾಡುವ ಮೊದಲು ಗಜ ಇಳಿಸಿದ್ದರೋ? ನಾನು ಕೇಳಲಿಲ್ಲ. ಆ ಯುವಕ ಈಗಲೂ ಕುಂಟುತ್ತಾನೆ, ಜಾತ್ರೆಯಲ್ಲಿ ಸಿಕ್ಕರೆ ಮಾತಾಡಿಸುತ್ತಾನೆ. ಅವನ ಅಣ್ಣ ಆ ದಿನ ನನಗೆ ಹೇಳಿದ್ದು ಒಂದೇ ಮಾತು: ‘ಖಾಲಿ ಇದೆ ಅಂದ್ಕೊಂಡಿದ್ವಿ.’ ಅದನ್ನು ನಾನು ವರದಿಯಲ್ಲಿ ಹಾಕಲಿಲ್ಲ.

ಕಾನೂನೂ ಬಹಳ ಕಾಲ ಈ ಪ್ರಶ್ನೆ ಕೇಳಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲಿಟ್ಟನ್‌ನ ಸರ್ಕಾರಕ್ಕೆ ಬೇಕಿದ್ದದ್ದು ಆಯುಧ ಯಾರ ಬಳಿ ಇರಬಾರದು ಎಂಬ ಲೆಕ್ಕ. ಸ್ವತಂತ್ರ ಭಾರತದ 1959ರ ಕಾಯ್ದೆ ಅದನ್ನು ಬದಲಿಸಿತು, ಆದರೆ ಅದೂ ಮುಖ್ಯವಾಗಿ ಯಾರಿಗೆ ಕೊಡಬೇಕು ಎಂಬುದರ ಸುತ್ತಲೇ ಇತ್ತು. ಕೊಡಗಿನವರ ವಿನಾಯಿತಿಯ ಬಗ್ಗೆ ನಾವು ಎಷ್ಟೊಂದು ಚರ್ಚೆ ಮಾಡಿದ್ದೇವೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಾಗಲೂ ಪುಟಗಟ್ಟಲೆ ಬರೆದೆವು. ಅಲ್ಲಿಯೂ ಪ್ರಶ್ನೆ ಹಕ್ಕಿನದೇ. ಪರವಾನಗಿ ಕೇಳುವವನು ಸುರಕ್ಷಿತವಾಗಿ ಹಿಡಿಯುವುದು, ಹಾರಿಸುವುದು, ಆರೈಕೆ ಮಾಡುವುದು, ಇಡುವುದು, ಸಾಗಿಸುವುದು ಇವುಗಳ ತರಬೇತಿ ಪಡೆಯಬೇಕು ಎಂಬ ನಿಯಮ ಬಂದದ್ದು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ. ಅದಕ್ಕಿಂತ ಮೊದಲು ಗೋಡೆಗೆ ತೂಗುಬಿದ್ದ ಕೋವಿಗಳಿಗೆ ಅಜ್ಜಂದಿರೇ ತರಬೇತಿ ಕೇಂದ್ರ.

ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಬಳಿ ಕೋವಿ ಇಳಿಸಿಕೊಡಲು ಕೇಳಿದೆ. ಅಜ್ಜ ತೀರಿಕೊಂಡು 11 ವರ್ಷ. ಪರವಾನಗಿ ಚಿಕ್ಕಪ್ಪನ ಹೆಸರಿಗಾಗಿದೆ, ಆದರೆ ಅವರು ಅದನ್ನು ಮುಟ್ಟುವುದು ಚುನಾವಣೆ ಬಂದಾಗ ಮಾತ್ರ, ಠಾಣೆಗೆ ಒಪ್ಪಿಸಿ ಬರಲು. ‘ಖಾಲಿ ಇದೆ, ತಗೋ’ ಎಂದು ಒಂದು ಕೈಯಲ್ಲಿ ಚಾಚಿದರು. ಬಾಯಿ ಅಡುಗೆಮನೆಯ ಕಡೆಗಿತ್ತು, ಒಳಗೆ ಚಿಕ್ಕಮ್ಮ ಹೋಳಿಗೆ ಬೇಯಿಸುತ್ತಿದ್ದರು. ನಾನು ಅದನ್ನು ಮೇಲಕ್ಕೆ ತಿರುಗಿಸಿಕೊಂಡು ಅಂಗಳಕ್ಕೆ ಹೋದೆ. ಗಜದ ಕೋಲು ತೂರಿಸಿದರೆ ಗೇಣುದ್ದ ಕೂಡ ಇಳಿಯಲಿಲ್ಲ. ಕಣಜದ ಹುಳ ಬಾಯಿಯ ಹತ್ತಿರವೇ ಮಣ್ಣಿನ ಗೂಡು ಕಟ್ಟಿತ್ತು. ಚಿಕ್ಕಪ್ಪ ನಕ್ಕು, ಕಡ್ಡಿ ಹಾಕಿ ಕೆದಕಿದರಾಯಿತು ಎಂದರು. ಮಣ್ಣಿನ ಕೆಳಗೆ ಏನಿದೆ ಎಂದು ಕಾಣುವ ದಾರಿ ನನಗಿರಲಿಲ್ಲ. ಕೆದಕುವುದು ಬೇಡ ಎಂದೆ, ಸ್ವಲ್ಪ ಬೇಜಾರು ಮಾಡಿಕೊಂಡರು.

ಮಾರನೆಯ ದಿನ ಪರವಾನಗಿ ಪುಸ್ತಕದ ಜೊತೆ ಪೇಟೆಯಲ್ಲಿರುವ ಕೋವಿ ರಿಪೇರಿಯವರ ಬಳಿಗೆ ಇಬ್ಬರೂ ಹೋದೆವು. ಅವರು ಕೇಪು ಕೂರಿಸುವ ಮೊಳೆಯನ್ನು ಬಿಚ್ಚಿ, ಅಲ್ಲಿಂದ ನೀರು ಬಿಟ್ಟು ಒಂದು ರಾತ್ರಿ ನೆನೆಯಲು ಇಟ್ಟರು. ಮರುದಿನ ಮಣ್ಣು ತೆಗೆದು, ತಿರುಪಿನ ಕೊಕ್ಕೆ ಇಳಿಸಿ ಎಳೆದಾಗ ಮೊದಲು ತೆಂಗಿನ ನಾರಿನ ಬಿರಟೆ ಬಂತು, ಅದರ ಹಿಂದೆ ಚರೆ, ಮತ್ತೊಂದು ಬಿರಟೆ, ಕೊನೆಗೆ ನೆನೆದು ಕಪ್ಪು ಕೆಸರಾದ ಮದ್ದು. ಹಳೆಯ ಪೇಪರಿನ ಮೇಲೆ ಸುರಿದು ತೋರಿಸಿದರು. ನೆನೆಸದಿದ್ದರೆ ಇದು ಇನ್ನೂ ಹೊತ್ತಿಕೊಳ್ಳುತ್ತಿತ್ತು ಅಂದರು.

ಚಿಕ್ಕಪ್ಪ ಬಹಳ ಹೊತ್ತು ಆ ನಾರನ್ನೇ ನೋಡುತ್ತಿದ್ದರು. ಅಪ್ಪಯ್ಯ ಆಸ್ಪತ್ರೆಗೆ ಹೋಗುವ ಹಿಂದಿನ ವಾರ ತೋಟಕ್ಕೆ ಮಂಗ ಬಂದಿದ್ದವು, ತುಂಬಿಟ್ಟಿದ್ದರು, ಆಮೇಲೆ ಅವರು ಮನೆಗೆ ಬರಲೇ ಇಲ್ಲವಲ್ಲ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಬೆರಳು ಮಡಚಿ ಲೆಕ್ಕ ಹಾಕಿದರು, ಅಷ್ಟರಲ್ಲಿ ಎಷ್ಟು ಚುನಾವಣೆಗೆ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಠಾಣೆಗೆ ಹೋಗಿ ಬಂದಿದ್ದರೆಂದು.